ನಾಗರಕಲ್ಲುಗಳ ನಡುವೆ ಹುತಾತ್ಮರ ನೆನಪು

ಹೆಬ್ಬಾಳದಿಂದ ಉತ್ತರಾಭಿಮುಖವಾಗಿ ಸಾಗುವ ಹೆದ್ದಾರಿಯಲ್ಲಿ ಎರಡು ಬಗೆಯ ದೇವಾಲಯ ಯಾತ್ರಿಕರು ಹೊರಡುವುದುಂಟು. ಕೆಲವರು ದೇವನಹಳ್ಳಿಯ ಬಳಿ ವಿಮಾನವೇರಿ, ಕಡಲಾಚೆಯ ಕಾಂಬೋಡಿಯದಲ್ಲಿರುವ ಆಂಗ್ಕೋರ್ ದೇಗುಲಗಳನ್ನು ಕಾಣಬಯಸುವವರು. ಇನ್ನು ಕೆಲವರು ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು, ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥಕ್ಕೆ ಹರಕೆ ಹೊತ್ತು ಹೋಗುವವರು. ದೂರದಲ್ಲಿಯಾಗಲಿ, ವೈಭವದಲ್ಲಿಯಾಗಲಿ ಈ ಎರಡು ಕ್ಷೇತ್ರಗಳಿಗೆ ಹೋಲಿಕೆಯಿಲ್ಲ. ಆದರೂ ಎರಡು ಕಡೆಗಳಲ್ಲಿಯೂ ದೇವರಿಗೆ ಕೈಮುಗಿದು ಹೊರಬಂದವನ ಮುಂದೆ ಮಡಿದವರ ನೆನಪು ಬಂದು ನಿಲ್ಲುತ್ತದೆ.

ಆಂಗ್ಕೋರ್ ವಾಟ್ ದೇಗುಲವನ್ನು ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದನು. ಅದರ ಗೋಡೆಗಳ ಮೇಲೆ ಸಮುದ್ರಮಥನವಿದೆ. ಕುರುಕ್ಷೇತ್ರದ ಮಹಾಯುದ್ಧವೂ ಇದೆ. ಇಂಥ ಶಿಲ್ಪವನ್ನು ಸೃಷ್ಟಿಸಿದ ನಾಡಿನಲ್ಲಿಯೇ 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತವು ಹಸಿವು, ದುಡಿಮೆ ಮತ್ತು ಕೊಲೆಗಳಿಂದ ಹದಿನೈದು ಲಕ್ಷಕ್ಕೂ ಮಿಗಿಲಾದ ಜನರನ್ನು ಬಲಿತೆಗೆದುಕೊಂಡಿತು. ಆಂಗ್ಕೋರಿನ ಪಕ್ಕದ ಸಿಯೆಮ್ ರೀಪ್ ಪಟ್ಟಣದಲ್ಲಿ ವಾಟ್ ಥ್ಮೇ ಎಂಬ ಬೌದ್ಧ ವಿಹಾರವಿದೆ. ಅದರ ಅಂಗಳದ ಸ್ತೂಪವೊಂದರಲ್ಲಿ ಮಡಿದವರ ತಲೆಬುರುಡೆಗಳನ್ನು ಗಾಜಿನ ಹಿಂದೆ ಇರಿಸಿದ್ದಾರೆ. ನಮ್ಮವರು ಅಲ್ಲಿ ಮೌನವಾಗಿ ನಿಂತು ಬರುತ್ತಾರೆ. ಆದರೆ ಮನೆಯಿಂದ ಎರಡು ಮೂರು ಗಂಟೆಗಳ ಹಾದಿಯಲ್ಲಿಯೇ ಇರುವ ಇನ್ನೊಂದು ಅಂಗಳದಲ್ಲಿ ನಿಲ್ಲುವವರು ಎಷ್ಟು ಮಂದಿ?

ವಿದುರನು ನೆಟ್ಟ ಮರ

ಯಲಹಂಕದಿಂದ ಹಿಂದೂಪುರದ ಕಡೆಗೆ ಹೊರಟ ರೈಲು ದೊಡ್ಡಬಳ್ಳಾಪುರವನ್ನು ದಾಟಿದ ಮೇಲೆ ಮಾಕಳಿದುರ್ಗದ ಬಂಡೆಗಳ ನಡುವೆ ನುಸುಳುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವವರ ಸೀಮೆ ಅದು. ಮುಂದೆ ತೊಂಡೇಭಾವಿ, ಗೌರಿಬಿದನೂರು. ಆ ಬಳಿಕ ವಿದುರಾಶ್ವತ್ಥ.

ಕುರುಕ್ಷೇತ್ರದ ಯುದ್ಧ ಬೇಡವೆಂದು ಅಣ್ಣನಿಗೆ ಬುದ್ಧಿ ಹೇಳಿ ಸೋತ ವಿದುರನು ಇಲ್ಲಿ ಅಶ್ವತ್ಥದ ಸಸಿಯೊಂದನ್ನು ನೆಟ್ಟನೆಂದು ಸ್ಥಳಪುರಾಣವು ಹೇಳುತ್ತದೆ. ಊರಿಗೆ ಹೆಸರು ಬಂದುದೂ ಅದರಿಂದಲೇ. ಆ ಹಳೆಯ ಮರವು 2001ರಲ್ಲಿ ಉರುಳಿಬಿದ್ದಿತು. ಆದರೆ ಭಕ್ತರ ನಂಬಿಕೆ ಉರುಳಲಿಲ್ಲ. ಸಂತಾನವನ್ನು ಬೇಡಿ ಬಂದ ದಂಪತಿಗಳು ತಲೆಮಾರುಗಳಿಂದ ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಅರಿಸಿನ ಕುಂಕುಮದಿಂದ ಕೆಂಪೇರಿದ ಹೆಡೆಗಳಿಗೆ ಪ್ರದಕ್ಷಿಣೆ ಹಾಕಿ, ಹಾಲೆರೆದು, ಪ್ರಸಾದವನ್ನು ಕಟ್ಟಿಕೊಂಡು ಹಿಂದಿರುಗುವುದು ವಾಡಿಕೆ.

1938ರ ಏಪ್ರಿಲ್ 25

ಅಂದು ಈ ಕ್ಷೇತ್ರದಲ್ಲಿ ಬೇರೊಂದು ಬಗೆಯ ಜನಸಂದಣಿ ನೆರೆದಿತ್ತು. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ನಿಷೇಧವನ್ನು ಮೀರಿ ಧ್ವಜವನ್ನೇರಿಸಿತ್ತು. ಆ ಕಿಡಿ ಗೌರಿಬಿದನೂರಿಗೂ ಹಾರಿತ್ತು. ಇಲ್ಲಿಯೂ ಧ್ವಜಕ್ಕೂ ಸಭೆಗೂ ಸರ್ಕಾರದ ತಡೆಯಾಜ್ಞೆಯಿತ್ತು. ಜನ ಸೇರಿದರು, ಪೊಲೀಸರು ಚದುರಲು ಹೇಳಿದರು, ಜನ ಕದಲಲಿಲ್ಲ, ಕೊನೆಗೆ ಬಂದೂಕುಗಳು ಸಿಡಿದವು.

ಸತ್ತವರು ಹತ್ತು ಮಂದಿ ಎಂದಿತು ಸರ್ಕಾರದ ಲೆಕ್ಕ. ಮೂವತ್ತೆರಡು ಎಂದಿತು ಜನರ ಲೆಕ್ಕ. ಮಡಿದವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದಳು. ಆಕೆ ಗರ್ಭಿಣಿಯಾಗಿದ್ದಳೆಂದು ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ತಾಯ್ತನವನ್ನು ಬೇಡಿ ಹೆಂಗಸರು ಬರುವ ಊರಿನಲ್ಲಿ ಈ ಒಂದು ಮಾತು ಉಳಿದೆಲ್ಲ ಲೆಕ್ಕಗಳಿಗಿಂತ ಭಾರವಾದುದು.

ಗುಂಡಿನ ಸದ್ದು ದೂರಕ್ಕೆ ಕೇಳಿಸಿತು. ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಮುಂದಿನ ತಿಂಗಳೇ ಒಪ್ಪಂದವಾಯಿತು. ಮೈಸೂರು ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ಮೊನ್ನೆ ಮೊನ್ನೆಯವರೆಗೆ ಅಪರಾಧವೆನಿಸಿದ್ದ ಕಾರ್ಯವು ಈಗ ಹಕ್ಕೆನಿಸಿತು. ಆದರೆ ಅದನ್ನು ಕಾಣಲು ಮಡಿದವರು ಉಳಿದಿರಲಿಲ್ಲ. ‘ದಕ್ಷಿಣದ ಜಲಿಯನ್‌ವಾಲಾ ಬಾಗ್’ ಎಂಬ ಹೆಸರು ಮಾತ್ರ ಊರಿಗೆ ಅಂಟಿಕೊಂಡಿತು. ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ. ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನು ತೋರಿಸುವ ವೀರಸೌಧವೂ ಇದೆ.

ಹೆಬ್ಬಾಳದ ಕಲ್ಲು

ದೇವರನ್ನು ಕಾಣಹೋದವರಿಗೆ ಸಾವಿನ ನೆನಪೇಕೆ ಎಂದು ಕೇಳುವವರುಂಟು. ಅದಕ್ಕೆ ಉತ್ತರವು ಹೆಬ್ಬಾಳದಲ್ಲಿಯೇ ಇದೆ. ಗಂಗರ ಶ್ರೀಪುರುಷನು ಆಳುತ್ತಿದ್ದ ಎಂಟನೆಯ ಶತಮಾನದಲ್ಲಿ ಕಿತ್ತಯ್ಯನೆಂಬವನು ಕಾದಾಡಿ ಮಡಿದುದನ್ನು ಸಾರುವ ವೀರಗಲ್ಲು ಅಲ್ಲಿ ದೊರೆತಿದೆ. ಊರಿಗಾಗಿ ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೊರೆದು, ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ನಿಲ್ಲಿಸುವುದು ಕನ್ನಡ ನಾಡಿನ ಹಳೆಯ ಧರ್ಮ. ದೇವರಿಗೆ ಬಾಗಿದ ತಲೆಯು ಆ ಕಲ್ಲಿಗೂ ಬಾಗುತ್ತಿತ್ತು. ಅದರಿಂದ ಭಕ್ತಿಗೆ ಕುಂದಾಯಿತೆಂದು ಯಾರೂ ಬಗೆಯಲಿಲ್ಲ.

ವಿದುರಾಶ್ವತ್ಥಕ್ಕೆ ಹೋಗುವ ಕುಟುಂಬಗಳು ನಾಗರಕಲ್ಲಿಗೆ ಹಾಲೆರೆದ ಬಳಿಕ ಹುತಾತ್ಮರ ಸ್ಮಾರಕದತ್ತಲೂ ಮಕ್ಕಳ ಕೈಹಿಡಿದು ನಡೆಯಬಹುದು. ಹುಟ್ಟಲಿರುವ ಮಗುವಿಗಾಗಿ ಹರಕೆ ಹೊರುವ ಜಾಗದಲ್ಲಿ, ಹುಟ್ಟದೆಯೇ ಹೋದ ಮಗುವೊಂದನ್ನೂ ಅದರ ತಾಯಿಯನ್ನೂ ಒಂದು ಗಳಿಗೆ ನೆನೆದರೆ, ಆ ಯಾತ್ರೆ ಪೂರ್ಣವಾದಂತೆ.