ಮನೆಯ ಬಾಗಿಲೂ ಸಾಲದ ಕಡತವೂ: ಷಿಕಾಗೋ ನಗರದ ಮಾನವ ಸಂಬಂಧ ಆಯೋಗ

ಪರಸ್ಥಳದಲ್ಲಿ ನೆಲಸಿರುವ ಕನ್ನಡಿಗರಿಗೆ ಮನೆ ಹುಡುಕುವ ಕಷ್ಟವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬಾಡಿಗೆ, ಠೇವಣಿ, ನೀರಿನ ವ್ಯವಸ್ಥೆ ಇವುಗಳ ಮಾತು ಮುಗಿಯುವ ಮೊದಲೇ ಊರು ಯಾವುದು, ಜಾತಿ ಯಾವುದು, ಮನೆಯಲ್ಲಿ ಮೀನು ಮಾಂಸ ಬೇಯಿಸುವಿರಾ ಎಂಬ ಪ್ರಶ್ನೆಗಳು ಬರುವುದನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ಇದು ಮಾಲೀಕನ ಇಷ್ಟಾನಿಷ್ಟದ ಮಾತೆಂದು ನಾವು ಸುಮ್ಮನಾಗುವುದುಂಟು. ಆದರೆ ನಗರಾಡಳಿತವೊಂದು ಇದನ್ನೇ ಸಾರ್ವಜನಿಕ ವಿಷಯವೆಂದು ಕೈಗೆತ್ತಿಕೊಂಡು, ಅದಕ್ಕಾಗಿ ಆಯೋಗವೊಂದನ್ನು ನೇಮಿಸಿ, ಅದನ್ನು ಎಂಬತ್ತು ವರ್ಷಗಳಿಗೂ ಮಿಕ್ಕು ನಡೆಸಿಕೊಂಡು ಬಂದುದಕ್ಕೆ ಅಮೆರಿಕದ ಷಿಕಾಗೋ ನಗರದ ಇತಿಹಾಸವು ಒಳ್ಳೆಯ ದೃಷ್ಟಾಂತವಾಗಿದೆ. ಆ ಇತಿಹಾಸವನ್ನು ಸಾಲ ಕೊಡುವ ಉದ್ಯೋಗದಲ್ಲಿರುವವನ ಕಣ್ಣಿನಿಂದ ಇಲ್ಲಿ ನೋಡಲು ಯತ್ನಿಸಿದ್ದೇನೆ. ಏಕೆಂದರೆ ಅಲ್ಲಿಯ ಜನರನ್ನು ಬೇರ್ಪಡಿಸಿದ ಗೋಡೆಯ ಅಡಿಗಲ್ಲು ಮನುಷ್ಯರ ಮನಸ್ಸಿನಲ್ಲಿ ಇದ್ದಂತೆಯೇ ಸಾಲಸಂಸ್ಥೆಗಳ ಕಡತಗಳಲ್ಲಿಯೂ ಇದ್ದಿತು. ಆಯೋಗದ ಕೈ ಬಹುಕಾಲ ಅಲ್ಲಿಯವರೆಗೆ ಚಾಚಲಿಲ್ಲ.

1910ರಲ್ಲಿ ಷಿಕಾಗೋದಲ್ಲಿದ್ದ ಕರಿಯರ ಸಂಖ್ಯೆ ಸುಮಾರು 44,000. ದಕ್ಷಿಣದ ಹತ್ತಿಯ ಹೊಲಗಳನ್ನು ತೊರೆದು, ಕಸಾಯಿಖಾನೆಗಳ ಮತ್ತು ಉಕ್ಕಿನ ಕಾರ್ಖಾನೆಗಳ ಕೂಲಿಯನ್ನು ನಂಬಿ ಬಂದವರಿಂದ ಅದು 1920ರ ವೇಳೆಗೆ 1,09,000ಕ್ಕೂ, 1950ರ ವೇಳೆಗೆ 4,92,000ಕ್ಕೂ ಏರಿತು. ಇವರೆಲ್ಲರೂ ನಗರದ ದಕ್ಷಿಣ ಭಾಗದ ಕಿರಿದಾದ ಒಂದು ಪಟ್ಟಿಯಲ್ಲಿಯೇ ಇಕ್ಕಟ್ಟಾಗಿ ವಾಸಿಸಬೇಕಾಯಿತು. ಪಟ್ಟಿಯ ಎಲ್ಲೆಯನ್ನು ಯಾವ ಶಾಸನವೂ ಬರೆದಿರಲಿಲ್ಲ. ಆದರೂ ಎಲ್ಲರಿಗೂ ಅದು ಗೊತ್ತಿದ್ದಿತು. 1919ರ ಜುಲೈ 27ರಂದು ಸರೋವರದಲ್ಲಿ ತೇಲುತ್ತಿದ್ದ ಯೂಜೀನ್ ವಿಲಿಯಮ್ಸ್ ಎಂಬ ಹದಿನೇಳು ವರ್ಷದ ಕರಿಯ ಹುಡುಗನು, ನೀರಿನಲ್ಲಿಯೂ ಇದ್ದ ಅಂತಹುದೇ ಒಂದು ಕಾಣದ ಎಲ್ಲೆಯನ್ನು ದಾಟಿದನು. ದಡದಿಂದ ಕಲ್ಲುಗಳು ಬಿದ್ದವು. ಅವನು ಮುಳುಗಿ ಸತ್ತನು. ಬಳಿಕ ನಡೆದ ಗಲಭೆಯಲ್ಲಿ 38 ಮಂದಿ ಸತ್ತರು. ಅವರಲ್ಲಿ 23 ಮಂದಿ ಕರಿಯರು, 15 ಮಂದಿ ಬಿಳಿಯರು.

ಆಗ ಇಲಿನಾಯ್ ರಾಜ್ಯದ ಗವರ್ನರನು ಆರು ಮಂದಿ ಬಿಳಿಯರು ಮತ್ತು ಆರು ಮಂದಿ ಕರಿಯರು ಇದ್ದ ಆಯೋಗವೊಂದನ್ನು ನೇಮಿಸಿದನು. ಅದರ ಬೃಹದ್ವರದಿಯು 1922ರಲ್ಲಿ ಪ್ರಕಟವಾಯಿತು. ಚಾರ್ಲ್ಸ್ ಜಾನ್ಸನ್ ಎಂಬ ಕರಿಯ ಸಮಾಜಶಾಸ್ತ್ರಜ್ಞನ ಶ್ರಮವು ಅದರಲ್ಲಿ ಬಹಳವಾಗಿದೆ. 1917ರ ಜುಲೈಯಿಂದ 1921ರ ಮಾರ್ಚಿಯವರೆಗೆ, ಬಿಳಿಯರ ಬೀದಿಗಳಲ್ಲಿ ಮನೆ ಕೊಂಡ ಕರಿಯರ ಮೇಲೂ, ಅವರಿಗೆ ಮನೆ ಕೊಡಿಸಿದ ದಲ್ಲಾಳಿಗಳು ಮತ್ತು ಸಾಲ ಕೊಟ್ಟವರ ಮೇಲೂ 58 ಸಲ ಬಾಂಬುಗಳು ಬಿದ್ದುವೆಂದು ವರದಿಯು ಲೆಕ್ಕ ಕೊಟ್ಟಿತು. ಲೆಕ್ಕ ಕೊಡುವುದಕ್ಕಿಂತ ಹೆಚ್ಚಿನ ಅಧಿಕಾರವು ಆ ಆಯೋಗಕ್ಕೆ ಇರಲಿಲ್ಲ.

ಬಾಂಬಿನ ಕೆಲಸವನ್ನು ಮುಂದೆ ಕಾಗದವೇ ಮಾಡಿತು. 1917ರಲ್ಲಿಯೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಬಣ್ಣದ ಆಧಾರದ ಮೇಲೆ ಬೀದಿಗಳನ್ನು ವಿಂಗಡಿಸುವ ನಗರ ಶಾಸನಗಳು ಅಸಿಂಧುವೆಂದು ತೀರ್ಪು ಕೊಟ್ಟಿದ್ದಿತು. ಸರಕಾರ ಮಾಡಲಾಗದ್ದನ್ನು ನೆರೆಹೊರೆಯವರು ತಮ್ಮೊಳಗಿನ ಕರಾರಿನಿಂದ ಮಾಡಿಕೊಳ್ಳಬಹುದಷ್ಟೆ! ಷಿಕಾಗೋ ಸ್ಥಿರಾಸ್ತಿ ಮಂಡಳಿಯು 1927ರಲ್ಲಿ ಮಾದರಿ ಕರಾರನ್ನೇ ಸಿದ್ಧಪಡಿಸಿ ಹಂಚಿತು. ಈ ಆಸ್ತಿಯನ್ನು ಕರಿಯರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂಬುದು ಅದರ ಸಾರ. ಸಹಿ ಮಾಡಿದವನು ಮನಸ್ಸು ಬದಲಾಯಿಸಿದರೂ ಪಕ್ಕದ ಮನೆಯವನು ನ್ಯಾಯಾಲಯಕ್ಕೆ ಹೋಗಿ ಮಾರಾಟವನ್ನು ತಡೆಯಬಹುದಾಗಿದ್ದಿತು. 1948ರಲ್ಲಿ ಶೆಲಿ ಮೊಕದ್ದಮೆಯ ತೀರ್ಪು ಬಂದ ಮೇಲೆಯೇ ನ್ಯಾಯಾಲಯಗಳು ಇಂತಹ ಕರಾರುಗಳನ್ನು ಜಾರಿಗೊಳಿಸುವುದನ್ನು ಬಿಟ್ಟುವು.

ಈಗ ಸಾಲದ ವಿಷಯಕ್ಕೆ ಬರೋಣ. 1930ಕ್ಕೆ ಮೊದಲು ಅಮೆರಿಕದಲ್ಲಿ ಮನೆಯ ಅಡಮಾನಸಾಲವು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಅವಧಿಯದು. ಮನೆಯ ಬೆಲೆಯಲ್ಲಿ ಅರ್ಧದಷ್ಟು ಮಾತ್ರವೇ ಸಾಲವಾಗಿ ದೊರೆಯುತ್ತಿದ್ದಿತು. ಆರ್ಥಿಕ ಮುಗ್ಗಟ್ಟಿನ ತರುವಾಯ, 1934ರಲ್ಲಿ ಕೇಂದ್ರ ಸರಕಾರವು ವಸತಿ ಆಡಳಿತ ಸಂಸ್ಥೆಯೊಂದನ್ನು ಸ್ಥಾಪಿಸಿ ಖಾಸಗಿ ಸಾಲಗಳಿಗೆ ವಿಮೆಯ ರಕ್ಷಣೆಯನ್ನು ಕೊಟ್ಟಿತು. ಸಾಲಗಾರನು ತಪ್ಪಿದರೆ ಬ್ಯಾಂಕಿಗೆ ನಷ್ಟವಿಲ್ಲ. ಆದುದರಿಂದ ಬೆಲೆಯ ಶೇಕಡ 80ರಷ್ಟನ್ನು ಇಪ್ಪತ್ತು ವರ್ಷಗಳ ಕಂತಿನಲ್ಲಿ ಕೊಡಲು ಬ್ಯಾಂಕುಗಳು ಮುಂದೆ ಬಂದುವು. ಮಧ್ಯಮವರ್ಗದ ಕೋಟ್ಯಂತರ ಜನರು ಸ್ವಂತ ಮನೆ ಕಂಡದ್ದು ಈ ಏರ್ಪಾಟಿನಿಂದಲೇ. ಆದರೆ ವಿಮೆಗೆ ಅರ್ಹವಾದ ಮನೆ ಯಾವುದು? ಮೌಲ್ಯಮಾಪಕರಿಗಾಗಿ ಆ ಸಂಸ್ಥೆಯು ಹೊರಡಿಸಿದ ಕೈಪಿಡಿಯು, ಬೇರೆ ಜನಾಂಗದವರು ನುಗ್ಗುವ ಸಂಭವವಿರುವ ಬೀದಿಯನ್ನು ಅಪಾಯವೆಂದು ಎಣಿಸಿತು. ಮೇಲೆ ಹೇಳಿದ ನಿರ್ಬಂಧ ಕರಾರುಗಳನ್ನು ಶಿಫಾರಸೂ ಮಾಡಿತು. ಇನ್ನೊಂದು ಸರಕಾರಿ ಸಂಸ್ಥೆಯು ತಯಾರಿಸಿದ ನಗರದ ನಕ್ಷೆಗಳಲ್ಲಿ ಉತ್ತಮ ವಸತಿಗೆ ಹಸಿರು, ಅನಂತರದ್ದಕ್ಕೆ ನೀಲಿ, ಇಳಿಮುಖವಾದುದಕ್ಕೆ ಹಳದಿ, ಕೊನೆಯದಕ್ಕೆ ಕೆಂಪು ಬಣ್ಣ. ಕರಿಯರಿದ್ದ ಬಡಾವಣೆಗಳೆಲ್ಲವೂ ಹೆಚ್ಚುಕಡಮೆ ಕೆಂಪಿನಲ್ಲಿಯೇ ಇದ್ದುವು.

ಸಾಲಗಾರನ ಸಂಬಳ, ಹಿಂದಿನ ನಡತೆ, ಉಳಿತಾಯ ಇವುಗಳನ್ನು ನೋಡಿ ಸಾಲ ನಿರಾಕರಿಸುವುದು ನಮ್ಮ ಕಸುಬಿನ ಧರ್ಮವೇ ಸರಿ. ಅರ್ಜಿಯನ್ನು ತೆರೆಯುವ ಮೊದಲೇ ವಿಳಾಸ ನೋಡಿ ನಿರಾಕರಿಸುವುದು ಬೇರೆ ಮಾತು. ಹಾಗೆ ನಿರಾಕರಿಸಿದ ಬಡಾವಣೆಯಲ್ಲಿ ಮನೆಯ ದುರಸ್ತಿಗೂ ಹಣ ಹುಟ್ಟುವುದಿಲ್ಲ, ಮನೆಗಳು ಹಾಳಾಗುತ್ತವೆ, ಬೆಲೆ ಇಳಿಯುತ್ತದೆ, ಬಳಿಕ ಮೌಲ್ಯಮಾಪಕನು ತನ್ನ ಭವಿಷ್ಯವಾಣಿ ನಿಜವಾಯಿತೆಂದು ತೋರಿಸಬಹುದು. ಸಾಲ ಸಿಗದ ಕರಿಯ ಕುಟುಂಬಗಳಿಗೆ ಉಳಿದ ದಾರಿಯೆಂದರೆ ಕರಾರು ಖರೀದಿ. ವರ್ತಕನು ಹೆದರಿದ ಬಿಳಿಯ ಮಾಲೀಕನಿಂದ ಮನೆಯನ್ನು ಅಗ್ಗಕ್ಕೆ ಕೊಂಡು, ಕರಿಯ ಕುಟುಂಬಕ್ಕೆ ಬಹಳ ಹೆಚ್ಚಿನ ಬೆಲೆಗೆ ಕಂತಿನಲ್ಲಿ ಮಾರುವನು. ಕೊನೆಯ ಕಂತು ತೀರುವವರೆಗೆ ಕ್ರಯಪತ್ರವು ವರ್ತಕನ ಕೈಯಲ್ಲಿಯೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ನಮ್ಮ ಹಳ್ಳಿಗಳ ಸಾಹುಕಾರರ ಲೆಕ್ಕಪತ್ರಗಳನ್ನು ಕಂಡವರಿಗೆ ಇದು ಹೊಸತೆನಿಸಲಾರದು. ಷಿಕಾಗೋದ ಲಾನ್‌ಡೇಲ್ ಬಡಾವಣೆಯಲ್ಲಿ ಇಂತಹ ಖರೀದಿದಾರರು 1968ರಲ್ಲಿ ಒಂದು ಸಂಘ ಕಟ್ಟಿ, ಕಂತುಗಳನ್ನು ತಡೆಹಿಡಿದು, ನೂರಾರು ಕರಾರುಗಳನ್ನು ತಿದ್ದಿಸಿದರು.

ಇಷ್ಟೆಲ್ಲ ನಡೆಯುತ್ತಿದ್ದಾಗ ನಗರದ ಆಯೋಗವು ಏನು ಮಾಡುತ್ತಿದ್ದಿತು? 1943ರ ಜೂನಿನಲ್ಲಿ ಡೆಟ್ರಾಯಿಟ್ ನಗರದ ಗಲಭೆಯಲ್ಲಿ 34 ಮಂದಿ ಸತ್ತರು. ತನ್ನ ಊರಿಗೂ ಆ ಕಿಚ್ಚು ತಗಲೀತೆಂದು ಅಂಜಿ ಷಿಕಾಗೋದ ಮೇಯರ್ ಎಡ್ವರ್ಡ್ ಕೆಲಿಯು ಅದೇ ವರ್ಷ ಸಮಿತಿಯೊಂದನ್ನು ರಚಿಸಿದನು. 1947ರಲ್ಲಿ ನಗರಸಭೆಯ ಶಾಸನದಿಂದ ಅದು ಮಾನವ ಸಂಬಂಧ ಆಯೋಗವಾಯಿತು. ಹೆಸರಿನಲ್ಲಿಯೇ ಅದರ ಸ್ವಭಾವವು ವ್ಯಕ್ತವಾಗುತ್ತದೆ. ಅದು ಹುಟ್ಟಿದ್ದು ಗಲಭೆಯ ಭಯದಿಂದ, ಅದರ ಗುರಿ ಶಾಂತಿ. ಪೊಲೀಸರಿಗೆ ತರಬೇತಿ ಕೊಡಿಸುವುದು, ಸುಳ್ಳು ವದಂತಿಗಳನ್ನು ಅಡಗಿಸುವುದು, ಪಾದ್ರಿಗಳನ್ನೂ ಉಪಾಧ್ಯಾಯರನ್ನೂ ಸೇರಿಸಿ ಬೀದಿಯವರಿಗೆ ಬುದ್ಧಿ ಹೇಳಿಸುವುದು ಇವು ಅದರ ನಿತ್ಯಕರ್ಮಗಳಾಗಿದ್ದುವು.

ಅದರ ಒಂದು ಉಪಾಯ ಮಾತ್ರ ವಿಚಾರಾರ್ಹ. 1946ರಲ್ಲಿ ವಿಮಾನ ನಿಲ್ದಾಣದ ಬಳಿಯ ವಸತಿಯಲ್ಲಿಯೂ, 1947ರಲ್ಲಿ ಫರ್ನ್‌ವುಡ್ಡಿನಲ್ಲಿಯೂ, ಯುದ್ಧದಿಂದ ಮರಳಿದ ಕರಿಯ ಸೈನಿಕರ ಕುಟುಂಬಗಳಿಗೆ ಮನೆ ಕೊಟ್ಟಾಗ ಸಹಸ್ರಾರು ಜನರು ಗುಂಪುಗೂಡಿ ದೊಂಬಿ ಎಬ್ಬಿಸಿದರು. ಸುದ್ದಿ ಹರಡಿದರೆ ಬೆಂಕಿಯೂ ಹರಡುವುದೆಂದು ಎಣಿಸಿ, ವರದಿಯನ್ನು ತಗ್ಗಿಸಬೇಕೆಂದು ಆಯೋಗವು ಪತ್ರಿಕೆಗಳನ್ನು ಕೇಳಿಕೊಂಡಿತು; ಪತ್ರಿಕೆಗಳೂ ಒಪ್ಪಿದುವು. ಉದ್ದೇಶವು ಕೆಟ್ಟದ್ದೆಂದು ಹೇಳಲಾಗದು. ಆದರೆ ಊರಿನ ವಿದ್ಯಾವಂತ ಜನರು ತಮ್ಮ ಊರಿನಲ್ಲಿಯೇ ನಡೆದುದನ್ನು ತಿಳಿಯದೆ ಉಳಿದರು. ತಿಳಿಯದ ಅನ್ಯಾಯಕ್ಕೆ ಶಾಸನ ಬೇಕೆಂದು ಕೇಳುವವರು ಯಾರು? ನನ್ನ ಅಭಿಪ್ರಾಯದಲ್ಲಿ ಆ ಮೌನವು ದೊಂಬಿಕೋರರಿಗೆ ಒದಗಿದಷ್ಟು ಆ ಸೈನಿಕರ ಕುಟುಂಬಗಳಿಗೆ ಒದಗಲಿಲ್ಲ. 1953ರಲ್ಲಿ ಟ್ರಂಬುಲ್ ಪಾರ್ಕ್ ವಸತಿಗೆ ಒಂದು ಕರಿಯ ಕುಟುಂಬವು ಬಂದಾಗ ವರ್ಷಗಟ್ಟಲೆ ಪೊಲೀಸ್ ಪಹರೆ ಇಡಬೇಕಾಯಿತು. ಬಣ್ಣ ನೋಡದೆ ಮನೆ ಹಂಚಬೇಕೆಂದು ಹಟ ಹಿಡಿದಿದ್ದ ವಸತಿ ಪ್ರಾಧಿಕಾರದ ಮುಖ್ಯಾಧಿಕಾರಿಣಿ ಎಲಿಜಬೆತ್ ವುಡ್ ಮಾತ್ರ ಮರುವರ್ಷ ಹುದ್ದೆ ಕಳೆದುಕೊಂಡಳು.

ಖಾಸಗಿ ಮನೆಗಳಲ್ಲಿಯೂ ಭೇದವನ್ನು ನಿಷೇಧಿಸಿದ ಮೊದಲ ಅಮೆರಿಕನ್ ನಗರ ನ್ಯೂಯಾರ್ಕು. ಆ ಶಾಸನ 1957ರದು. ಷಿಕಾಗೋ 1963ರಲ್ಲಿ ತನ್ನ ಶಾಸನ ಮಾಡಿತು, ಆದರೆ ಅರೆಮನಸ್ಸಿನಿಂದ: ಅದು ದಲ್ಲಾಳಿಗಳನ್ನು ಮಾತ್ರ ಕಟ್ಟಿಹಾಕಿತು, ಮಾಲೀಕರನ್ನು ಮುಟ್ಟಲಿಲ್ಲ. ದೂರು ಕೇಳುವ ಹೊಣೆ ಆಯೋಗದ್ದಾಯಿತು. ದೂರು ಕೊಡಬೇಕಾದವನಿಗಾದರೋ ತನಗೆ ಅನ್ಯಾಯವಾದುದೇ ತಿಳಿಯುತ್ತಿರಲಿಲ್ಲ. ‘ಮನೆ ಈಗ ತಾನೆ ಹೋಯಿತು’ ಎಂದು ನಗುಮುಖದಿಂದ ಹೇಳುವ ದಲ್ಲಾಳಿಯ ಮಾತು ಸುಳ್ಳೆಂದು ಸಾಧಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರವು 1966ರ ಬೇಸಗೆಯಲ್ಲಿ ಬೀದಿಯಿಂದ ಬಂದಿತು. ಆ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಲಾನ್‌ಡೇಲಿನ ಬಾಡಿಗೆ ಮನೆಯೊಂದರಲ್ಲಿ ಬಿಡಾರ ಹೂಡಿದ್ದನು. ಅವನ ಸಂಗಡಿಗರು ಒಬ್ಬ ಕರಿಯನನ್ನೂ ಅದೇ ಆದಾಯದ ಒಬ್ಬ ಬಿಳಿಯನನ್ನೂ ಒಂದೇ ದಲ್ಲಾಳಿಯ ಕಚೇರಿಗೆ ಒಬ್ಬರ ಹಿಂದೊಬ್ಬರಂತೆ ಕಳುಹಿಸಿ, ಇಬ್ಬರಿಗೂ ದೊರೆತ ಉತ್ತರಗಳನ್ನು ಬರೆದಿಟ್ಟರು. ಬ್ಯಾಂಕಿನ ಲೆಕ್ಕಪರಿಶೋಧನೆಯಂತೆಯೇ ಸರಳವಾದ, ಅಲ್ಲಗಳೆಯಲಾಗದ ಕ್ರಮವಿದು. ಆ ಬಳಿಕ ಬಿಳಿಯರ ಬಡಾವಣೆಗಳಲ್ಲಿ ಮೆರವಣಿಗೆಗಳು ನಡೆದುವು. ಆಗಸ್ಟ್ 5ರಂದು ಮಾರ್ಕೆಟ್ ಪಾರ್ಕಿನಲ್ಲಿ ಕಲ್ಲೊಂದು ಕಿಂಗನ ತಲೆಗೇ ತಗಲಿತು. ಆಗಸ್ಟ್ 26ರಂದು ಮೇಯರ್ ಡೇಲಿಯೊಡನೆ ಒಪ್ಪಂದವಾಯಿತು. ದಲ್ಲಾಳಿಗಳು ಶಾಸನದ ಸಾರವನ್ನು ಕಚೇರಿಗಳಲ್ಲಿ ತೂಗುಹಾಕಬೇಕು. ದೂರಿಗಾಗಿ ಕಾಯದೆ ಆಯೋಗವು ತಾನಾಗಿಯೇ ವಿಚಾರಣೆ ನಡೆಸಬೇಕು. ಅಡಮಾನಸಾಲ ಕೊಡುವ ಸಂಸ್ಥೆಗಳು ಬಣ್ಣ ನೋಡದೆ ಸಾಲ ಕೊಡುವುದಾಗಿ ಸಾರಿದುವು. ಸ್ಥಿರಾಸ್ತಿ ಮಂಡಳಿಯಾದರೋ ಮುಕ್ತ ವಸತಿಯ ತತ್ತ್ವವನ್ನು ಇನ್ನು ವಿರೋಧಿಸೆವೆಂದು ಹೇಳಿ, ನಗರ ಶಾಸನದ ಮೇಲೆ ತಾನು ಹೂಡಿದ್ದ ಮೊಕದ್ದಮೆಯನ್ನು ಮಾತ್ರ ಮುಂದುವರಿಸಿತು! ಮಾತು ಕೊಟ್ಟವರನ್ನು ಹಿಡಿದು ಕೇಳುವ ಅಧಿಕಾರವು ಯಾರಿಗೂ ಇರಲಿಲ್ಲವಾದ್ದರಿಂದ ಒಪ್ಪಂದದ ಬಹುಭಾಗ ಕಾಗದದಲ್ಲಿಯೇ ಉಳಿಯಿತು.

1968ರ ಏಪ್ರಿಲ್ 4ರಂದು ಕಿಂಗನ ಕೊಲೆಯಾಯಿತು; ಒಂದು ವಾರದಲ್ಲಿ, 11ರಂದು, ರಾಷ್ಟ್ರೀಯ ವಸತಿನ್ಯಾಯ ಶಾಸನಕ್ಕೆ ಅಂಕಿತ ಬಿದ್ದಿತು. 1975ರ ಶಾಸನವು ಬ್ಯಾಂಕುಗಳು ಯಾವ ಬಡಾವಣೆಯಲ್ಲಿ ಎಷ್ಟು ಮನೆಸಾಲ ಕೊಟ್ಟುವೆಂಬುದನ್ನು ಪ್ರಕಟಿಸಬೇಕೆಂದಿತು. 1977ರದು, ಠೇವಣಿ ತಂದುಕೊಡುವ ಬಡಾವಣೆಗಳ ಸಾಲದ ಅಗತ್ಯವನ್ನೂ ಬ್ಯಾಂಕುಗಳು ಪೂರೈಸಬೇಕೆಂದಿತು. ಇವೆರಡರ ಹಿಂದೆಯೂ ಇದ್ದವಳು ಷಿಕಾಗೋದ ಆಸ್ಟಿನ್ ಬಡಾವಣೆಯ ಗೃಹಿಣಿ ಗೇಲ್ ಸಿನ್ಕಾಟಾ. ಜೋಡಿಯಾಗಿ ಕಳುಹಿಸುವ ಪರೀಕ್ಷಕರಿಗೆ ಸ್ವತಃ ದಾವೆ ಹೂಡುವ ಹಕ್ಕುಂಟೆಂದು 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 1988ರ ತಿದ್ದುಪಡಿಯು ಅಂಗವಿಕಲರಿಗೂ ಮಕ್ಕಳೊಂದಿಗರಿಗೂ ರಕ್ಷಣೆಯನ್ನು ವಿಸ್ತರಿಸಿತು. 1990ರ ನಗರ ಶಾಸನಗಳಿಂದ ಷಿಕಾಗೋದ ಆಯೋಗಕ್ಕೂ ಹಲ್ಲು ಮೂಡಿತು. ಈಗ ಅದು ದೂರನ್ನು ತನಿಖೆ ಮಾಡಿ, ರಾಜಿಗೆ ಅವಕಾಶ ಕೊಟ್ಟು, ಆಗದಿದ್ದರೆ ವಿಚಾರಣೆ ನಡೆಸಿ, ಪರಿಹಾರವನ್ನೂ ದಂಡವನ್ನೂ ವಿಧಿಸಬಲ್ಲುದು. ಬಾಡಿಗೆಯ ಒಂದು ಭಾಗವನ್ನು ಸರಕಾರ ಕೊಡುತ್ತದೆಂಬ ಕಾರಣದಿಂದ ಬಡವನಿಗೆ ಮನೆ ನಿರಾಕರಿಸುವುದೂ ಅಲ್ಲಿ ಅಪರಾಧವೇ.

ಆಸ್ಟಿನ್‌ಗೆ ಹೊಂದಿದಂತೆಯೇ ಇರುವ ಓಕ್ ಪಾರ್ಕ್ ಎಂಬ ಸಣ್ಣ ಊರಿನ ಪ್ರಯೋಗವನ್ನೂ ಹೇಳಬೇಕು. ಕರಿಯರು ಬಂದರೆ ಮನೆಯ ಬೆಲೆ ಇಳಿಯುವುದೆಂಬ ಭಯವನ್ನು ಉಪದೇಶದಿಂದ ನೀಗಲಾಗದೆಂದು ಕಂಡ ಆ ಊರು, 1970ರ ದಶಕದ ಕೊನೆಯಲ್ಲಿ ಅದಕ್ಕೂ ವಿಮೆ ತೆರೆಯಿತು: ಐದು ವರ್ಷ ನಿಂತು ಮಾರಿದಾಗ ನಷ್ಟವಾದರೆ ಅದರಲ್ಲಿ ಶೇಕಡ 80ರಷ್ಟನ್ನು ಊರೇ ತುಂಬಿಕೊಡುವುದು. ಯಾರಿಗೂ ಹಣ ಕೊಡಬೇಕಾಗಿ ಬರಲಿಲ್ಲ.

ನಮ್ಮ ಮಹಾನಗರಗಳಲ್ಲಿ ಖಾಸಗಿ ಮನೆಗಳ ಬಗ್ಗೆ ಇಂತಹ ಅಧಿಕಾರವುಳ್ಳ ನಗರ ಆಯೋಗವಿಲ್ಲ. ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಭೇದವನ್ನು ನಿಷೇಧಿಸಿದೆ. ಬಾಡಿಗೆಯ ಮನೆಯನ್ನು ಹೆಸರಿಸಿಲ್ಲ. ಸಹಕಾರಿ ವಸತಿ ಸಂಘಗಳ ಪ್ರಶ್ನೆ ಇನ್ನೂ ತೊಡಕಿನದು, ನಮಗೆ ಹತ್ತಿರದ್ದೂ ಹೌದು. 1915ರಲ್ಲಿ ಮುಂಬಯಿಯ ಗಾಮ್‌ದೇವಿಯಲ್ಲಿ ತಲಮಕಿ ಶ್ರೀಪಾದ ಸುಬ್ಬರಾಯರು ಕಟ್ಟಿದ ಸಾರಸ್ವತ ಸಹಕಾರಿ ವಸತಿ ಸಂಘವು, ಕನ್ನಡ ಕರಾವಳಿಯಿಂದ ಬಂದ ಒಂದು ಸಣ್ಣ ಸಮುದಾಯದ ಗುಮಾಸ್ತರಿಗೆ ನೆಲೆ ಕೊಟ್ಟಿತು. ಭಾರತದ ವಸತಿ ಸಹಕಾರಕ್ಕೆ ಅದು ಮೇಲುಪಂಕ್ತಿ. ಸಾಲವೂ ಸೂರೂ ಬೇರೆಲ್ಲಿಯೂ ದೊರೆಯದಿದ್ದವರು ತಮ್ಮೊಳಗೇ ಹಣ ಕೂಡಿಸಿದುದನ್ನು ಷಿಕಾಗೋದ ನಿರ್ಬಂಧ ಕರಾರಿನೊಡನೆ ಸಮಗಟ್ಟುವುದು ಅನ್ಯಾಯ. ಆದರೆ ನೂರು ವರ್ಷಗಳ ತರುವಾಯ, ಊರಿನ ಒಳ್ಳೆಯ ನೆಲವೆಲ್ಲ ಒಂದೊಂದು ಸಮುದಾಯದ ಸಂಘಕ್ಕೆ ಹಂಚಿಹೋಗಿರುವಾಗ, ಹೊಸದಾಗಿ ಬಂದವನ ಪಾಲಿಗೆ ಎರಡರ ಫಲವೂ ಒಂದೇ ಆಗಬಹುದು. ಅಹಮದಾಬಾದಿನ ಪಾರ್ಸಿ ವಸತಿ ಸಂಘವೊಂದರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗೆ ಮೀಸಲಿಟ್ಟ ಉಪವಿಧಿಯನ್ನು ಸಂಘಸ್ವಾತಂತ್ರ್ಯದ ಹೆಸರಿನಲ್ಲಿ ಎತ್ತಿಹಿಡಿಯಿತು. ಬದಲಾವಣೆ ಬೇಕಾದರೆ ಅದನ್ನು ಶಾಸನಸಭೆಯೇ ಮಾಡಬೇಕೆಂದು ಹೇಳಿತು.