ಹರಿಹರ: ಲೇತಿನ ಊರು, ಹರಿಹರೇಶ್ವರನ ಗುಡಿ

ದಾವಣಗೆರೆಗೆ ಹತ್ತಿರ, ತುಂಗಭದ್ರೆಯ ದಡದಲ್ಲಿರುವ ಹರಿಹರ ಒಂದು ಕಾಲಕ್ಕೆ ಲೇತ್ ಯಂತ್ರಗಳಿಗೆ ಹೆಸರಾದ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ಬಾಗಿಲು ಹಾಕಿತು. ಅದನ್ನೇ ನಂಬಿದ್ದ ಮನೆಗಳಿಗೆ ಅದು ದೊಡ್ಡ ಪೆಟ್ಟು.

ಈಗ ಪ್ರವಾಸಿಗರನ್ನು ಸೆಳೆಯುವುದು ಹರಿಹರೇಶ್ವರ ದೇವಾಲಯ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಇದನ್ನು 1224ರಲ್ಲಿ ಕಟ್ಟಿಸಿದ. ಗರ್ಭಗುಡಿಯ ನಿಂತ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ತೆರೆದ ಮಂಟಪದಲ್ಲಿ ಸಾವಧಾನವಾಗಿ ಕೂತು ಕಂಬಗಳನ್ನು ನೋಡಬೇಕು: ದುಂಡಗೆ ಕಡೆದು ನುಣುಪುಗೊಳಿಸಿದ ಕಲ್ಲು, ಮೈಸುತ್ತ ಉಂಗುರದಂಥ ಏಣುಗಳು. ಕಬ್ಬಿಣ ಕಡೆಯುವ ಯಂತ್ರ ಬರುವ ಏಳು ಶತಮಾನ ಮೊದಲೇ ಇಲ್ಲಿ ಕಲ್ಲು ಕಡೆದಿದ್ದರು. ಆವರಣದಲ್ಲಿ ಕನ್ನಡ ಶಾಸನಗಳೂ ಇವೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಹಲವು ರೈಲುಗಳು ಹರಿಹರದಲ್ಲಿ ನಿಲ್ಲುತ್ತವೆ.