ನಿಮಗಿದು ಗೊತ್ತೇ? ತವನಿಧಿಯಲ್ಲಿ ಕೂಡಿದ ಸಭೆ

◆ ನಿಪ್ಪಾಣಿಯಿಂದ ಬೆಳಗಾವಿ ಕಡೆಗೆ ಹೊರಟರೆ ಊರು ದಾಟುತ್ತಲೇ ತವಂದಿ ಘಾಟ್ ಸಿಗುತ್ತದೆ. ಅಲ್ಲೇ ಇರುವ ತವನಿಧಿ ಕ್ಷೇತ್ರಕ್ಕೆ ಜನ ಪಾರ್ಶ್ವನಾಥನ ಬಸದಿಗೆಂದು, ಬ್ರಹ್ಮದೇವರ ದರ್ಶನಕ್ಕೆಂದು ಹೋಗಿಬರುತ್ತಾರೆ. 1899ರ ಏಪ್ರಿಲ್‌ನಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದ್ದು ಈ ಜಾಗದಲ್ಲೇ. ಹೊಲ ಉಳುವ ಮನೆಗಳ ಮಕ್ಕಳು ಪಟ್ಟಣಕ್ಕೆ ಬಂದು ಓದಬೇಕೆಂದರೆ ಮೊದಲು ಉಣ್ಣಲು, ಮಲಗಲು ಒಂದು ನೆಲೆ ಬೇಕಿತ್ತು. ಸಭೆ ಆ ಕೆಲಸಕ್ಕೆ ಕೈಹಾಕಿತು. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಅದರ ಬೋರ್ಡಿಂಗ್‌ಗಳು ಎದ್ದವು.

◆ ಆಗಿನ್ನೂ ಜಗತ್ತಿನಲ್ಲಿ ರೋಟರಿ ಎಂಬ ಸೇವಾ ಸಂಸ್ಥೆಯೇ ಇರಲಿಲ್ಲ! ಪಾಲ್ ಹ್ಯಾರಿಸ್ ಎಂಬ ವಕೀಲರು ಷಿಕಾಗೋದಲ್ಲಿ ಮೂವರು ಗೆಳೆಯರೊಂದಿಗೆ ಮೊದಲ ರೋಟರಿ ಕ್ಲಬ್ಬಿನ ಸಭೆ ನಡೆಸಿದ್ದು 1905ರ ಫೆಬ್ರುವರಿ 23ರಂದು. ಈ ವಾರ ಒಬ್ಬರ ಕಚೇರಿಯಲ್ಲಿ, ಮುಂದಿನ ವಾರ ಇನ್ನೊಬ್ಬರ ಕಚೇರಿಯಲ್ಲಿ ಎಂದು ಸರದಿಯಂತೆ ಕೂಡುತ್ತಿದ್ದುದರಿಂದ ಆ ಹೆಸರು ಬಂತು. ತವನಿಧಿಯ ಸಭೆ ಅದಕ್ಕಿಂತ ಆರು ವರ್ಷ ಹಿರಿಯದು.

◆ ಆ ಸಭೆಯನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಅಣ್ಣಾಸಾಹೇಬ ಲಠ್ಠೆ ಕುರುಂದವಾಡದವರು. 1878ರಲ್ಲಿ ಹುಟ್ಟಿದ ಅವರಿಗೆ ಸಭೆ ಆರಂಭವಾದಾಗ ಬರೀ ಇಪ್ಪತ್ತು ವರ್ಷ. ಮುಂದೆ ಕೊಲ್ಹಾಪುರದ ದಿವಾನರಾದರು. 1937ರಲ್ಲಿ ಬಾಳಾಸಾಹೇಬ ಖೇರ್ ಸರ್ಕಾರ ಬಂದಾಗ ಮುಂಬೈ ಪ್ರಾಂತ್ಯದ ಅರ್ಥಮಂತ್ರಿಯಾದರು. ಚಿಕ್ಕೋಡಿ, ಅಥಣಿಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು.

◆ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನ ಹುಡುಗ. ಅವರ ಹಿರಿಯರ ಮೂಲ ನಮ್ಮ ಮೂಡುಬಿದಿರೆ. 1908ರಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ ಆರಂಭವಾದಾಗ ಆ ಸಮಾರಂಭಕ್ಕೆ ಹೋಗಿಬಂದರು. ಬಂದ ಮೇಲೆ ಮಡಿಗಾಗಿ ಸ್ನಾನ ಮಾಡು ಎಂದರೆ ಒಪ್ಪಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು. ಹನ್ನೊಂದು ವರ್ಷಗಳ ನಂತರ, 1919ರ ಅಕ್ಟೋಬರ್ 4ರಂದು, ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಶುರುವಾಯಿತು. 1924ರಲ್ಲಿ ಸಾತಾರಾದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ಬೋರ್ಡಿಂಗ್ ಕಲಿಸಿದ್ದು ಇಷ್ಟು, ಬೋರ್ಡಿಂಗ್‌ಗೆ ಕಲಿಸಬೇಕಾಗಿದ್ದು ಇನ್ನಷ್ಟು ಎಂಬುದನ್ನು ಆ ಹುಡುಗ ಬದುಕಿಡೀ ಮಾಡಿ ತೋರಿಸಿದ. ಈ ಸೀಮೆಯ ಸೇವಾ ಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಘಟನೆ ಇದೇ.

◆ ಭಾರತದ ಮೊದಲ ರೋಟರಿ ಕ್ಲಬ್ ಕೋಲ್ಕತ್ತದಲ್ಲಿ ಶುರುವಾದದ್ದೂ ಅದೇ 1919ರಲ್ಲಿ.

◆ ರಾಯಬಾಗ ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಹಾಗಾಗಿ 1902ರಲ್ಲಿ ಶಾಹೂ ಮಹಾರಾಜರು ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 50 ಮೀಸಲಾತಿ ಕೊಟ್ಟಾಗ, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಮಾಡಿದಾಗ ರಾಯಬಾಗವೂ ಅದೇ ಆಳ್ವಿಕೆಯಲ್ಲಿತ್ತು. ಪಕ್ಕದ ಚಿಕ್ಕೋಡಿಯಲ್ಲಿ ಬ್ರಿಟಿಷರ ಕಾನೂನು!

◆ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ 1916ರ ನವೆಂಬರ್ 13ರಂದು ಆರಂಭಿಸಿದ ಸಂಸ್ಥೆ ಕೆಎಲ್‌ಇ. ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು, ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು ಅದರವೇ.

◆ ಡಾ. ಅಂಬೇಡ್ಕರ್ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ವಸತಿಗೃಹ, ವಾಚನಾಲಯಗಳನ್ನು ತೆರೆಯುವುದು ಅದರ ಗುರಿಗಳಲ್ಲಿ ಒಂದು. ಮರುವರ್ಷದ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತೀಯ ಬಹಿಷ್ಕೃತ ಪರಿಷತ್ತಿನ ಮೂರನೆಯ ಅಧಿವೇಶನ ಸೇರಿದ್ದು ನಿಪ್ಪಾಣಿಯಲ್ಲಿ. ಅಧ್ಯಕ್ಷತೆ ಅಂಬೇಡ್ಕರರದು. ನೀರಿನ ಹಕ್ಕಿಗಾಗಿ ಅವರು ನಡೆಸಿದ ಮಹಾಡದ ಚವದಾರ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು. ತಂಬಾಕಿನ ಪೇಟೆಯೆಂದೇ ನಿಪ್ಪಾಣಿಯನ್ನು ನೆನೆಯುವವರು ಈ ಸಂಗತಿಯನ್ನೂ ನೆನೆಯಲಿ ಎಂಬುದು ನನ್ನ ಆಸೆ.

◆ ಲಯನ್ಸ್ ಕ್ಲಬ್ಬಿನವರು ಕಣ್ಣಿನ ತಪಾಸಣೆಯ ಶಿಬಿರಗಳನ್ನೇ ಏಕೆ ಅಷ್ಟು ನಡೆಸುತ್ತಾರೆ? ಅದೇ 1925ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ನಡೆದ ಅವರ ಸಮ್ಮೇಳನದಲ್ಲಿ ಅಂಧ ಲೇಖಕಿ ಹೆಲೆನ್ ಕೆಲರ್ ಅಂಧರ ಪರವಾಗಿ ನಿಲ್ಲಿರೆಂದು ಕೇಳಿಕೊಂಡರು. ಅಂದಿನಿಂದ ಅದು ಅವರ ಮುಖ್ಯ ಕೆಲಸವಾಯಿತು.

◆ ಲಯನ್ಸ್ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು 1987ರಲ್ಲಿ, ರೋಟರಿ ಎಲ್ಲ ದೇಶಗಳಲ್ಲೂ ತೆರೆದದ್ದು 1989ರಲ್ಲಿ. ರೋಟರಿಯ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ತೀರಾ ತಡ.

◆ ಪೋಲಿಯೊ ಹನಿ ಹಾಕುವ ಭಾನುವಾರ ಬೂತಿನಲ್ಲಿ ರೋಟರಿಯ ಚಕ್ರವಿರುವ ಬ್ಯಾನರ್ ನೋಡಿರುತ್ತೀರಿ. 1985ರಲ್ಲಿ ಪೋಲಿಯೊ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಕೆಲಸ ಅದು. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

◆ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 1982ರಲ್ಲಿ ಕಾನೂನು ತಂದಿತು. ಕಾನೂನಿನಿಂದಲೇ ಹೊಟ್ಟೆ ತುಂಬುವುದಿಲ್ಲ, ಮಕ್ಕಳ ಓದೂ ಸಾಗುವುದಿಲ್ಲ. ಅಥಣಿಯ ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ವಿಮೋಚನಾ ಸಂಘ ಕಟ್ಟಿ, ದೇವದಾಸಿ ತಾಯಂದಿರ ಪುನರ್ವಸತಿಗೆ ನಿಂತರು. ಆ ತಾಯಂದಿರ ಮಕ್ಕಳಿಗಾಗಿ ಮಲಾಬಾದದಲ್ಲಿ ವಸತಿ ಶಾಲೆಯನ್ನೂ ತೆರೆದರು. ತಂದೆಯ ಹೆಸರು ಕೇಳುವ ಶಾಲೆಗಳ ಕಾಲದಲ್ಲಿ ಆ ಮಕ್ಕಳಿಗೆ ಪುಸ್ತಕದಷ್ಟೇ ಅವಶ್ಯವಾಗಿದ್ದು ತಲೆ ಎತ್ತಿ ಕೂಡುವ ಜಾಗ.

◆ ಕಾಗವಾಡ ದಾಟಿದರೆ ಮಿರಜ, ನಿಪ್ಪಾಣಿ ದಾಟಿದರೆ ಕಾಗಲ್, ನಡುವೆ ರಾಜ್ಯದ ಗಡಿ. ರೋಟರಿಯ ನಕಾಶೆಯಲ್ಲಿ ಮಾತ್ರ ಆ ಗಡಿ ಇಲ್ಲ. ಬೆಳಗಾವಿ, ಧಾರವಾಡ, ಕೊಲ್ಹಾಪುರ, ಗೋವಾ ಎಲ್ಲ ಸೇರಿ ಅವರಿಗೆ ಒಂದೇ ಜಿಲ್ಲೆ. ಅದರ ಸಂಖ್ಯೆ 3170.